ಕಾಡಿಗೆ ಒಯ್ಯುವ ಚಾಕು

ಕಾಡಿನಲ್ಲಿ ದಾರಿ ತಪ್ಪಿದವರಿಗೆ, ಕಾಲು ಉಳುಕಿ ಕೂತವರಿಗೆ, ಕತ್ತಲಾಗುವ ಮೊದಲು ಬೆಟ್ಟ ಇಳಿಯಲಾಗದೆ ಸಿಕ್ಕಿಕೊಂಡವರಿಗೆ ಒದಗಿ ಬರುವ ಚಾಕು ಎಂಥದ್ದಿರಬೇಕು ಎಂಬುದೇ ಈ ಸಂವಾದದ ವಿಷಯ. ತುಮಕೂರು ನಗರಕ್ಕೆ ಸೇರಿದ ಮರಳೂರಿನಿಂದ ದೇವರಾಯನದುರ್ಗದ ಕಾಡಿಗೆ ಒಂದು ಗಂಟೆಯೊಳಗಿನ ದಾರಿ. ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟಸಾಲಿನಲ್ಲಿ ಬಂಡೆ, ಕುರುಚಲು, ಬೇಸಿಗೆಗೆ ಎಲೆ ಉದುರಿಸುವ ಮರಗಳು, ಲಂಟಾನದ ಮೆಳೆ ಇವೆ. ಚಿರತೆ, ಕರಡಿಗಳೂ ಇವೆ. ಚಾರಣಕ್ಕೆ ಹೊರಟ ಅಳಿಯ ಕೇಳುತ್ತಾನೆ. ತೋಟದ ಕೆಲಸವನ್ನೂ ಕುಲುಮೆಯ ಕೆಲಸವನ್ನೂ ಬಲ್ಲ ಸೋದರಮಾವ ಉತ್ತರಿಸುತ್ತಾರೆ.

ಅಳಿಯ: ಮಾವ, ಕಾಡಿಗೆ ಹೋಗುವವರು ಎಂಥ ಚಾಕು ಇಟ್ಟುಕೊಳ್ಳಬೇಕು? ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ?

ಮಾವ: ಮೊದಲು ಕೆಲಸದ ಪಟ್ಟಿ ಮಾಡಪ್ಪ, ಚಾಕು ಆಮೇಲೆ. ನಮ್ಮ ಕಡೆಯ ಕಾಡಿನಲ್ಲಿ ಚಾಕುವಿಗೆ ಬರುವ ಕೆಲಸಗಳು ಇಷ್ಟೇ: ಹಗ್ಗ ಕತ್ತರಿಸುವುದು, ಬಟ್ಟೆ ಸೀಳಿ ಪಟ್ಟಿ ಮಾಡುವುದು, ಮುಳ್ಳಿಗೆ ಸಿಕ್ಕಿದ ಬಟ್ಟೆಯನ್ನೋ ಚೀಲವನ್ನೋ ಬಿಡಿಸುವುದು, ಹಣ್ಣು ತರಕಾರಿ ಹೆಚ್ಚುವುದು, ಮುರಿದ ಕೈಕಾಲಿಗೆ ಆಸರೆಯಾಗಿ ಕಟ್ಟಲು ಒಂದು ಕೋಲನ್ನು ಸವರುವುದು, ನೆರಳಿಗೆಂದು ಪ್ಲಾಸ್ಟಿಕ್ ಹಾಳೆ ಕಟ್ಟುವಾಗ ಗೂಟದ ತುದಿ ಚೂಪು ಮಾಡುವುದು. ಇವೆಲ್ಲ ಬೆರಳುಗಳ ಹಿಡಿತದಲ್ಲಿ ಆಗುವ ಕೆಲಸಗಳು. ತೋಳು ಬೀಸಿ ಕಡಿಯುವ ಕೆಲಸ ಇದರಲ್ಲಿ ಒಂದೂ ಇಲ್ಲ. ಹಾಗಾಗಿ ದೊಡ್ಡ ಚಾಕು ಇಲ್ಲಿ ಹೊರೆಯೇ ಹೊರತು ಅನುಕೂಲವಲ್ಲ.

ಅಳಿಯ: ಕರಡಿಯೋ ಚಿರತೆಯೋ ಎದುರಾದರೆ?

ಮಾವ: ಆ ಲೆಕ್ಕವನ್ನು ಮೊದಲೇ ತೆಗೆದುಹಾಕಬೇಕು. ಕರಡಿಗೆ ಚಾಕು ತಗಲಬೇಕಾದರೆ ಅದರ ಉಗುರು ಆಗಲೇ ಮೈಮೇಲೆ ಬಿದ್ದಿರುತ್ತದೆ. ಅಲ್ಲಿ ಕಾಪಾಡುವುದು ಬೇರೆಯದೇ ಎಚ್ಚರ: ಒಬ್ಬರೇ ಹೋಗದಿರುವುದು, ಮಾತಾಡುತ್ತಾ ನಡೆಯುವುದು, ಮುಂಜಾನೆ ಮುಸ್ಸಂಜೆಯಲ್ಲಿ ಮೆಳೆಗಳ ಕಡೆ ಸುಳಿಯದಿರುವುದು, ಪ್ರಾಣಿ ಕಂಡರೆ ಓಡದೆ ಮೆಲ್ಲಗೆ ಹಿಂದೆ ಸರಿಯುವುದು. ಆಯುಧವೆಂದು ಆರಿಸಿದ ಚಾಕು ಉಪಕರಣವಾಗಿಯೂ ಕೆಟ್ಟದ್ದೇ ಆಗಿರುತ್ತದೆ. ಎರಡು ಕಡೆಯೂ ಬಾಯಿ ಇರುವ ಬಾಕು, ಬೆನ್ನಿಗೆ ಗರಗಸದ ಹಲ್ಲಿಟ್ಟ ಸಿನಿಮಾ ಚಾಕು ಇವುಗಳ ಬೆನ್ನಿನ ಮೇಲೆ ಹೆಬ್ಬೆರಳು ಊರಲಾಗುವುದಿಲ್ಲ. ಹೆಬ್ಬೆರಳು ಊರದೆ ಸೂಕ್ಷ್ಮ ಕೆಲಸ ನಡೆಯುವುದಿಲ್ಲ.

ಅಳಿಯ: ಮನೆಯಲ್ಲಿರುವ ಮಚ್ಚನ್ನೇ ತೆಗೆದುಕೊಂಡು ಹೋದರಾಗದೇ? ಗುಬ್ಬಿ, ಕುಣಿಗಲ್ ಕಡೆ ತೋಟಕ್ಕೆ ಹೋಗುವ ಎಲ್ಲರ ಕೈಯಲ್ಲೂ ಅದೇ ಇರುತ್ತದೆ.

ಮಾವ: ತೋಟಕ್ಕೆ ಅದು ಸರಿಯೇ. ಎಳನೀರು ಕೆತ್ತುವುದು, ತೆಂಗಿನ ಗರಿ ಸವರುವುದು, ಬೇಲಿಗೆ ಮುಳ್ಳು ಕಡಿಯುವುದು ಇವಕ್ಕೆ ಮಚ್ಚಿನ ತೂಕವೇ ಬಲ. ತುದಿಯ ಕಡೆ ಭಾರ ಕೂತಿರುವುದರಿಂದ ಬೀಸಿದಾಗ ಏಟು ತಾನಾಗಿ ಬೀಳುತ್ತದೆ. ಆದರೆ ಅದೇ ಭಾರ ದಣಿದ ಕೈಗೆ ಅಪಾಯ. ಹಸಿವು, ಬಾಯಾರಿಕೆ, ಗಾಬರಿ ಸೇರಿದವನು ಮಚ್ಚು ಬೀಸಿದರೆ ಏಟು ಜಾರಿ ಮೊಣಕಾಲಿಗೋ ಕಣಕಾಲಿಗೋ ಬೀಳಬಹುದು. ಚೇಳೂರಿನ ಸಂತೆಯಲ್ಲಿ ಹಲಸಿನ ಹಣ್ಣು ಬಿಡಿಸುವವರನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: ಹಣ್ಣು ಸೀಳಲು ಮಚ್ಚು, ತೊಳೆ ಬಿಡಿಸಲು ಸಣ್ಣ ಚಾಕು. ಕೊಡಗಿನವರ ಉಡುಪಿನಲ್ಲೂ ಎರಡು ಬೇರೆ ಬೇರೆ ಕತ್ತಿಗಳಿವೆ. ಬೆನ್ನ ಹಿಂದೆ ಸಿಕ್ಕಿಸುವ ಅಗಲವಾದ ಒಡಿಕತ್ತಿ ಕಡಿಯುವುದಕ್ಕೆ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೆ ಇಂದಿಗೂ ಅದೇ ಬೇಕು. ಸೊಂಟದ ಮುಂದೆ ಸಿಕ್ಕಿಸುವ ಪೀಚೆಕತ್ತಿ ಚಿಕ್ಕದು. ಕಾಡಿಗೆ ಒಂದನ್ನೇ ಒಯ್ಯಬೇಕಾದಾಗ ಆ ಸಣ್ಣದರ ಜಾತಿಯನ್ನೇ ಆರಿಸಬೇಕು.

ಅಳಿಯ: ಹಾಗಾದರೆ ಜೇಬಿಗೆ ಹೋಗುವ ಮಡಚುವ ಚಾಕು ಸಾಕಾಗುತ್ತದೆ.

ಮಾವ: ದಿನದ ಕೆಲಸಕ್ಕೆ ಸಾಕು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ಹೊರತಂದ ಅಧಿಕಾರಿಗಳ ಚಾಕುವಿನ ವಂಶದ್ದೇ ಈಗಿನ ವಿಕ್ಟೋರಿನಾಕ್ಸ್. ಅದರಲ್ಲಿ ಕತ್ತರಿ, ಚಿಮ್ಮಟ, ಡಬ್ಬಿ ತೆರೆಯುವ ಕೊಕ್ಕೆ ಎಲ್ಲ ಇರುತ್ತವೆ. ಕಾಲಿಗೆ ಚುಚ್ಚಿದ ಜಾಲಿ ಮುಳ್ಳನ್ನು ತೆಗೆಯಲು ಆ ಚಿಮ್ಮಟದಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಆದರೆ ಮಡಚುವ ಚಾಕುವಿನ ಬಲವೆಲ್ಲ ಒಂದು ಸಣ್ಣ ಕೀಲಿನ ಮೇಲೆ ನಿಂತಿದೆ. ಚಿಲಕವಿಲ್ಲದ ಚಾಕುವಿನ ಮೊನೆಯನ್ನು ಒತ್ತಿ ಚುಚ್ಚಿದಾಗ ಅಲಗು ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ತಯಾರಾಗುತ್ತಿದೆ. ಅಲಗನ್ನು ತಡೆದು ನಿಲ್ಲಿಸುವ ಉಂಗುರದ ಚಿಲಕ ಅದಕ್ಕೆ ಬಂದದ್ದು 1955ರಲ್ಲಿ. ಚಿಲಕವಿದ್ದರೂ ಕೀಲಿನ ಸಂದಿಗೆ ಮರಳು, ಕೆಸರು, ಹಣ್ಣಿನ ರಸ ಸೇರಿ ಬಿಗಿದುಕೊಳ್ಳುವುದು ತಪ್ಪುವುದಿಲ್ಲ. ಒಂದು ಕೈಗೆ ಪೆಟ್ಟಾದವನಿಗೆ ಇನ್ನೊಂದೇ ಕೈಯಲ್ಲಿ ಅದನ್ನು ತೆರೆಯುವುದೂ ಕಷ್ಟ. ಒರೆಯಿಂದ ಎಳೆದ ಕೂಡಲೆ ಕೆಲಸಕ್ಕೆ ಸಿದ್ಧವಾಗುವ, ಮಡಚದ ಚಾಕುವೇ ಆಪತ್ತಿಗೆ ತಕ್ಕದ್ದು. ಮಡಚುವುದನ್ನು ಜೊತೆಗೆ ಇಟ್ಟುಕೊಳ್ಳಬಹುದು.

ಅಳಿಯ: ಅಲಗು ಎಷ್ಟು ಉದ್ದ, ಎಷ್ಟು ದಪ್ಪ ಇರಬೇಕು?

ಮಾವ: ಅರ್ಧ ಗೇಣು ಉದ್ದ ಸಾಕು, ಅಂದರೆ ನಾಲ್ಕರಿಂದ ನಾಲ್ಕೂವರೆ ಇಂಚು. ಅದಕ್ಕಿಂತ ಚಿಕ್ಕದಾದರೆ ಕುಂಬಳಕಾಯಿ ಕೊಯ್ಯಲೂ ಆಗದು. ಉದ್ದವಾದರೆ ಮೊನೆ ಬೆರಳಿನಿಂದ ದೂರವಾಗಿ ಹಿಡಿತ ತಪ್ಪುತ್ತದೆ. ದಪ್ಪ ಬೆನ್ನಿನ ಕಡೆ ಮೂರು ಮಿಲಿಮೀಟರ್ ಸುತ್ತಮುತ್ತ, ಹೆಚ್ಚೆಂದರೆ ನಾಲ್ಕು. ಒಂದೂವರೆ ಮಿಲಿಮೀಟರಿನ ಅಡುಗೆಮನೆ ಚಾಕು ಚೆನ್ನಾಗಿ ಕೊಯ್ಯುತ್ತದೆ, ಆದರೆ ಪಕ್ಕಕ್ಕೆ ಸ್ವಲ್ಪ ತಿರುಚಿದರೆ ಬಾಗುತ್ತದೆ ಅಥವಾ ಮುರಿಯುತ್ತದೆ. ಐದಾರು ಮಿಲಿಮೀಟರ್ ದಪ್ಪದ್ದು ಮುರಿಯುವುದಿಲ್ಲ, ಆದರೆ ಕೊಯ್ಯುವ ಬದಲು ಬೆಣೆಯಂತೆ ಸೀಳುತ್ತದೆ. ಒಟ್ಟು ತೂಕ ಕಾಲು ಕಿಲೋ ದಾಟಬಾರದು.

ಅಳಿಯ: ಹಿಡಿಯೊಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲವಲ್ಲ?

ಮಾವ: ಅದನ್ನೇ ಮೊದಲು ವಿಚಾರಿಸಬೇಕು. ಅಲಗಿನ ಉಕ್ಕು ಹಿಡಿಯೊಳಗೆ ಬಾಲದಂತೆ ಮುಂದುವರಿಯುತ್ತದೆ. ಕುಡುಗೋಲಿನಲ್ಲಿ ಅದು ಮೊಳೆಯ ಹಾಗೆ ಸಣ್ಣಗಾಗಿ ಮರದ ಹಿಡಿಯೊಳಗೆ ಇಳಿದಿರುತ್ತದೆ. ಪೈರು ಕೊಯ್ಯುವ ಎಳೆತಕ್ಕೆ ಅಷ್ಟು ಸಾಕು. ಒತ್ತುವ, ತಿರುಚುವ ಕೆಲಸಕ್ಕೆ ಬಂದಾಗ ಅಂಥ ಹಿಡಿ ಸಡಿಲವಾಗಿ ಕಳಚಿಕೊಳ್ಳುತ್ತದೆ. ಹಿಡಿಯಷ್ಟೇ ಅಗಲವಾಗಿ ಕೊನೆಯವರೆಗೂ ಉಕ್ಕು ಹಾಯ್ದು, ಎರಡು ಬದಿಯ ಹಲಗೆಗಳನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಅಂಚಿನಲ್ಲಿ ಉಕ್ಕಿನ ಗೆರೆ ಕಣ್ಣಿಗೇ ಕಾಣುತ್ತದೆ. ಅದು ಎಲ್ಲಕ್ಕಿಂತ ಭದ್ರ. ಹಲಗೆ ಒಡೆದುಹೋದರೂ ಉಕ್ಕಿನ ಮೇಲೆ ಹಗ್ಗ ಸುತ್ತಿ ಕೆಲಸ ಮುಂದುವರಿಸಬಹುದು. ಸ್ವೀಡನ್ನಿನ ಮೋರಾ ಊರಿನ ಚಾಕುಗಳಲ್ಲಿ ಬಾಲ ಸಣ್ಣದಾಗಿದ್ದರೂ ಅದರ ಸುತ್ತ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಬಿಗಿಯಾಗಿ ಎರಕ ಹೊಯ್ದಿರುವುದರಿಂದ ಸಾಧಾರಣ ಕೆಲಸಕ್ಕೆ ಚೆನ್ನಾಗಿ ತಡೆಯುತ್ತವೆ. ಹಿಡಿ ಟೊಳ್ಳಾಗಿದ್ದು ಒಳಗೆ ಬೆಂಕಿಕಡ್ಡಿ, ಗಾಳದ ದಾರ ಇಟ್ಟು ಮಾರುವ ಚಾಕುಗಳ ಹತ್ತಿರ ಹೋಗಬಾರದು. ಅಲಗೂ ಹಿಡಿಯೂ ಸೇರುವ ಜಾಗದಲ್ಲೇ ಅವು ಮುರಿಯುತ್ತವೆ.

ಅಳಿಯ: ಉಕ್ಕಿನ ವಿಷಯದಲ್ಲಿ ಎರಡು ಮಾತು ಕೇಳಿಬರುತ್ತದೆ. ಕೆಲವರು ಸ್ಟೇನ್‌ಲೆಸ್ ಸ್ಟೀಲ್ ಅನ್ನುತ್ತಾರೆ, ಕೆಲವರು ಕುಲುಮೆಯ ಉಕ್ಕೇ ಸರಿ ಅನ್ನುತ್ತಾರೆ.

ಮಾವ: ಎರಡರಲ್ಲೂ ಗುಣವಿದೆ. ಉಕ್ಕಿಗೆ ಗಡಸುತನ ಬರುವುದು ಇಂಗಾಲದಿಂದ. ಈ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿ, 1807ರಲ್ಲಿ ತನ್ನ ಪ್ರವಾಸದ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಈಗ ಕೊರಟಗೆರೆ ತಾಲ್ಲೂಕಿನಲ್ಲಿರುವ ಚೆನ್ನರಾಯನದುರ್ಗದ ಕಡೆ ಉಕ್ಕು ಮಾಡುತ್ತಿದ್ದ ರೀತಿಯನ್ನು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿ ಊದಿ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳು ಕರಿಯಾಗಿ ಬಿಟ್ಟುಕೊಟ್ಟ ಇಂಗಾಲ ಕಬ್ಬಿಣದೊಳಗೆ ಸೇರಿ ಅದು ಉಕ್ಕಾಗುತ್ತಿತ್ತು.

ಈಗಿನ ಕಮ್ಮಾರರು ಹೆಚ್ಚಾಗಿ ಬಳಸುವುದು ಲಾರಿಯ ಕಮಾನು ಪಟ್ಟಿ. ಅದರಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತದೆ. ಏಟು ತಡೆಯುವ ಉಕ್ಕು ಅದು. ಚಿಪ್ಪು ಏಳುವುದಿಲ್ಲ, ಕಲ್ಲಿಗೆ ಉಜ್ಜಿದರೆ ಬೇಗ ಬಾಯಿ ಬರುತ್ತದೆ. ಅದರ ಕೊರತೆ ತುಕ್ಕು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಬೆರೆತಿರುತ್ತದೆ. ಚಾಕುವಿನ ಉಕ್ಕಿನಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಹದಿಮೂರರ ಆಸುಪಾಸು. ಆ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಅದರಲ್ಲೂ ಇಂಗಾಲ ಕಡಿಮೆಯಾದರೆ ಚಮಚದ ಹಾಗೆ ಮೆತ್ತಗಿರುತ್ತದೆ, ಬಾಯಿ ನಿಲ್ಲುವುದಿಲ್ಲ. ಹೊಳಪು ನೋಡಿ ಕೊಂಡ ಅಗ್ಗದ ಚಾಕುಗಳು ಬೇಗ ಮೊಂಡಾಗುವುದು ಇದರಿಂದಲೇ.

ಅಳಿಯ: ಹಾಗಾದರೆ ನಮ್ಮ ಕಡೆಗೆ ಯಾವುದು?

ಮಾವ: ತುಮಕೂರಿನ ಸೀಮೆಯಲ್ಲಿ ಗಾಳಿ ಒಣಗಿದ್ದು, ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇಲ್ಲಿ ಕುಲುಮೆಯ ಉಕ್ಕಿಗೆ ತೊಂದರೆ ಇಲ್ಲ. ಕೆಲಸ ಮುಗಿದ ಮೇಲೆ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹತ್ತುವುದಿಲ್ಲ. ಆಹಾರಕ್ಕೆ ತಗಲಿದರೂ ಚಿಂತೆಯಿಲ್ಲ. ಹಲಸು ಕೊಯ್ಯುವ ಮೊದಲೇ ಎಣ್ಣೆ ಸವರಿದರೆ ಸೊನೆ ಅಂಟುವುದಿಲ್ಲ ಎಂಬುದು ಮನೆಯಲ್ಲೆಲ್ಲ ಗೊತ್ತಿರುವ ಮಾತು. ಆದರೆ ಆಗುಂಬೆಗೋ ಕೊಡಗಿಗೋ ಮಳೆಗಾಲದಲ್ಲಿ ಹೊರಟರೆ ಒಳ್ಳೆಯ ಸ್ಟೇನ್‌ಲೆಸ್ ಚಾಕುವೇ ಮೇಲು. ಅಲ್ಲಿನ ತೇವಕ್ಕೆ ಒರೆಯೊಳಗಿನ ಅಲಗು ಬೆಳಗಾಗುವಷ್ಟರಲ್ಲಿ ಕಂದಾಗುತ್ತದೆ.

ಅಳಿಯ: ಕಮ್ಮಾರರಿಂದ ಮಾಡಿಸುವುದಾದರೆ ಏನು ಹೇಳಬೇಕು?

ಮಾವ: ಹದದ ವಿಷಯ ಹೇಳಬೇಕು. ಉಕ್ಕನ್ನು ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಅದಕ್ಕಿಂತ ತುಸು ಮೇಲೆ ಏರಿಸಿ, ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಷ್ಟು ಗಡಸಾಗುತ್ತದೆ; ಅಷ್ಟೇ ಸುಲಭವಾಗಿ ಒಡೆಯುತ್ತದೆ. ಆಮೇಲೆ ಮತ್ತೆ ಹಗುರವಾಗಿ ಇನ್ನೂರು ಡಿಗ್ರಿ ಸೆಲ್ಸಿಯಸ್ಸಿಗೆ ತುಸು ಮೇಲೆ ಕಾಯಿಸಿದಾಗ ಉಜ್ಜಿದ ಮೇಲ್ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಗಡಸುತನ ಸ್ವಲ್ಪ ಇಳಿದು ತಡೆಯುವ ಗುಣ ಬರುತ್ತದೆ. ಮಚ್ಚಿಗೆ ಹಾಕುವ ಹದ ಇದಕ್ಕಿಂತ ಮೆತ್ತಗಿನದು. ಕೊಯ್ಯುವ ಚಾಕು ಎಂದು ಬಿಡಿಸಿ ಹೇಳಿದರೆ ಕೆಲಸ ಬಲ್ಲ ಕಮ್ಮಾರರಿಗೆ ಅರ್ಥವಾಗುತ್ತದೆ. ಮಾಡಿ ಮುಗಿಸಿದ ಮೇಲೆ ಬಾಯಿಯ ಹತ್ತಿರ ಅರವನ್ನು ಮೆಲ್ಲಗೆ ಎಳೆದು ನೋಡಬೇಕು. ಅರ ಜಾರುತ್ತಿದ್ದರೆ ಹದ ಬಂದಿದೆ. ಕಚ್ಚಿ ಪುಡಿ ಉದುರಿಸಿದರೆ ಮೆತ್ತಗಿದೆ.

ಅಳಿಯ: ಆಕಾರ?

ಮಾವ: ಬೆನ್ನು ನೆಟ್ಟಗಿದ್ದು ಮೊನೆ ಸ್ವಲ್ಪವೇ ಕೆಳಗಿಳಿದ ಸಾದಾ ಆಕಾರ ಸಾಕು. ಬಾಯಿ ಮೊನೆಯ ಹತ್ತಿರ ದುಂಡಗೆ ಏರಿರಬೇಕು. ಹಣ್ಣು, ಬಟ್ಟೆ, ಮರ ಮೂರಕ್ಕೂ ಆ ಬಾಗು ಒದಗುತ್ತದೆ. ತೀರ ಸೂಜಿಯಂಥ ಮೊನೆ ಮುರಿಯುತ್ತದೆ. ಎರಡೂ ಬದಿ ಸೇರುವ ಕೋನ ಬದಿಯೊಂದಕ್ಕೆ ಇಪ್ಪತ್ತು ಡಿಗ್ರಿ ಸುತ್ತಮುತ್ತ ಇರಲಿ. ಹಿಡಿ ಕೈತುಂಬ ಕೂರಬೇಕು, ನಾಲ್ಕು ಬೆರಳಿಗೂ ಜಾಗವಿರಬೇಕು. ಬಾಯಿಯ ಕಡೆ ಒಂದು ಸಣ್ಣ ಉಬ್ಬಿದ್ದರೆ ಬೆವರಿದ ಕೈ ಮುಂದೆ ಜಾರಿ ಅಲಗಿನ ಮೇಲೆ ಹೋಗುವುದಿಲ್ಲ. ಮರದ ಹಿಡಿಯಾದರೆ ತೇಗ, ಹುಣಸೆ ಒಳ್ಳೆಯವು. ಕಣ್ಣು ಕುಕ್ಕುವ ಬಣ್ಣದ ಹಿಡಿ ಇನ್ನೂ ಒಳ್ಳೆಯದು. ಕಂದು ಹಿಡಿಯ ಚಾಕು ತರಗೆಲೆಯೊಳಗೆ ಬಿದ್ದರೆ ಸಿಗುವುದಿಲ್ಲ. ಕೊನೆಯಲ್ಲಿ ದಾರ ಪೋಣಿಸಲು ತೂತಿರಲಿ.

ಅಳಿಯ: ಒರೆಗೂ ಅಷ್ಟು ಯೋಚಿಸಬೇಕೇ?

ಮಾವ: ಚಾಕುವಿನಷ್ಟೇ ಯೋಚಿಸಬೇಕು. ಬಂಡೆ ಹತ್ತುವವನು ಜಾರಿ ಕುಕ್ಕರುಗಾಲಲ್ಲಿ ಬಿದ್ದಾಗ ಕೆಟ್ಟ ಒರೆಯೊಳಗಿನ ಚಾಕು ತೊಡೆಗೆ ಹೊಗುತ್ತದೆ. ಅಲ್ಲಿ ಹರಿಯುವ ದೊಡ್ಡ ರಕ್ತನಾಳ ಕತ್ತರಿಸಿದರೆ ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಬಹುದು. ಗಟ್ಟಿ ಪ್ಲಾಸ್ಟಿಕ್ಕಿನ ಒರೆ ನೀರು ಹೀರುವುದಿಲ್ಲ, ತೂತಿನಿಂದ ತೇವ ಇಳಿದುಹೋಗುತ್ತದೆ. ಚರ್ಮದ ಒರೆ ಸದ್ದು ಮಾಡುವುದಿಲ್ಲ, ಆದರೆ ತೇವ ಹಿಡಿದಿಟ್ಟು ಉಕ್ಕಿಗೆ ತುಕ್ಕು ತರುತ್ತದೆ. ಯಾವುದೇ ಆಗಲಿ, ತಲೆಕೆಳಗೆ ಹಿಡಿದು ಜೋರಾಗಿ ಒದರಿದಾಗ ಚಾಕು ಬೀಳಬಾರದು. ಒರೆ ಕಳೆದುಹೋದಾಗ ಅಡಿಕೆ ಹಾಳೆಯನ್ನು ಎರಡಾಗಿ ಮಡಚಿ ದಾರ ಸುತ್ತಿ ತಾತ್ಕಾಲಿಕ ಒರೆ ಮಾಡಿಕೊಳ್ಳಬಹುದು. ಒರೆ ಸೊಂಟದ ಪಕ್ಕದಲ್ಲಿರಲಿ, ತೊಡೆಯ ಮುಂಭಾಗದಲ್ಲಿ ಬೇಡ.

ಅಳಿಯ: ಬಾಯಿ ಮೊಂಡಾದಾಗ ಬೀದಿಯಲ್ಲಿ ಬರುವ ಸಾಣೆಯವರ ಹತ್ತಿರ ಹಿಡಿಸಿದರೆ ಆಯಿತಲ್ಲ?

ಮಾವ: ಆಗುತ್ತದೆ, ಎಚ್ಚರ ಬೇಕು. ಚಕ್ರಕ್ಕೆ ಒತ್ತಿ ಹಿಡಿದರೆ ಬಾಯಿಯ ತೆಳು ಉಕ್ಕು ಕಾದು ನೀಲಿ ಬಣ್ಣ ತಿರುಗುತ್ತದೆ. ಕುಲುಮೆಯ ಉಕ್ಕಿನಲ್ಲಿ ಆ ನೀಲಿ ಕಂಡರೆ ಅಷ್ಟು ಭಾಗದ ಹದ ಹೋಯಿತು ಎಂದೇ ಲೆಕ್ಕ. ನೀರಿನಲ್ಲಿ ಅದ್ದಿ ಅದ್ದಿ ಹಿಡಿಯಲು ಹೇಳಬೇಕು. ಕೈಯಲ್ಲೇ ಮಸೆಯುವುದು ಇನ್ನೂ ಉತ್ತಮ. ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ತೊಂಬತ್ತು ಡಿಗ್ರಿ. ಅರ್ಧಕ್ಕೆ ವಾಲಿಸಿದರೆ ನಲವತ್ತೈದು. ಅದರ ಅರ್ಧಕ್ಕೆ ವಾಲಿಸಿದರೆ ಬೇಕಾದ ಕೋನ ಹೆಚ್ಚುಕಡಿಮೆ ಸಿಕ್ಕಿತು. ಒಂದು ಬದಿಯನ್ನು ಮಸೆಯುತ್ತಾ ಹೋದಾಗ ಇನ್ನೊಂದು ಬದಿಗೆ ಸಣ್ಣ ಸಿಬಿರು ಏಳುತ್ತದೆ, ಬೆರಳಿಗೆ ತಿಳಿಯುತ್ತದೆ. ಆಗ ಮಗ್ಗುಲು ಬದಲಾಯಿಸಬೇಕು. ಒರಟು ಕಲ್ಲಾದ ಮೇಲೆ ನುಣುಪು ಕಲ್ಲು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದರೆ ಸಿಬಿರು ಬಿಡುತ್ತದೆ. ಮೊಂಡು ಚಾಕುವೇ ಹೆಚ್ಚು ಅಪಾಯ. ಒತ್ತಿ ಕೊಯ್ಯಬೇಕಾದಾಗ ಅದು ಜಾರುತ್ತದೆ.

ಅಳಿಯ: ಚಾಕು ಇಟ್ಟುಕೊಂಡು ಓಡಾಡುವುದು ಕಾನೂನಿಗೆ ಸರಿಯೇ?

ಮಾವ: ಎಲ್ಲಿಗೆ ಒಯ್ಯುತ್ತಿದ್ದೀಯ ಎಂಬುದರ ಮೇಲೆ ನಿಂತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಮನೆಗೆಲಸ, ಬೇಸಾಯ, ಕೈಗಾರಿಕೆಗೆಂದು ಮಾಡಿದ ಉಪಕರಣಗಳನ್ನು ಹೊರಗಿಟ್ಟಿವೆ. ಒಂಬತ್ತು ಇಂಚೆಂದರೆ ಒಂದು ಗೇಣು. ಅರ್ಧ ಗೇಣಿನ ಚಾಕು ಆ ಮಿತಿಯೊಳಗೇ ಉಳಿಯುತ್ತದೆ. ಆದರೂ ಬಸ್ಸಿನಲ್ಲಿ, ಜಾತ್ರೆಯಲ್ಲಿ ಸೊಂಟಕ್ಕೆ ಸಿಕ್ಕಿಸಿ ತಿರುಗುವುದು ತಪ್ಪು. ಒರೆಯಲ್ಲಿಟ್ಟು ಚೀಲದ ತಳದಲ್ಲಿಡಬೇಕು. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ.

ಬಂಡೀಪುರ, ನಾಗರಹೊಳೆ, ಭದ್ರಾದಂಥ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧದ ವ್ಯಾಖ್ಯೆಯೊಳಗೆ ಚಾಕುವನ್ನೂ ಹೆಸರಿಸಿದ್ದಾರೆ. ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವುದನ್ನು 31ನೆಯ ಸೆಕ್ಷನ್ ನಿಷೇಧಿಸುತ್ತದೆ. ಅಲ್ಲಿ ಚಾಕುವನ್ನು ಮನೆಯಲ್ಲೇ ಬಿಟ್ಟು, ಅರಣ್ಯ ಇಲಾಖೆಯ ಮಾರ್ಗದರ್ಶಕರ ಜೊತೆ ಹೋಗಬೇಕು. ದೇವರಾಯನದುರ್ಗದಂಥ ಮೀಸಲು ಅರಣ್ಯದಲ್ಲೂ ಅನುಮತಿ ಪಡೆದೇ ಚಾರಣ ಮಾಡಬೇಕು. ಹಸಿ ಮರ ಕಡಿಯುವುದು, ಬೆಂಕಿ ಹಾಕುವುದು ಅಪರಾಧ. ಫೆಬ್ರವರಿಯಿಂದ ಮೇ ತನಕ ಅಲ್ಲಿನ ಹುಲ್ಲು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಚಳಿಗೆಂದು ಹಾಕಿದ ಬೆಂಕಿ ಹಾಕಿದವನನ್ನೇ ಸುತ್ತುವರಿಯಬಹುದು.

ಅಳಿಯ: ಹಾವು ಕಚ್ಚಿದರೆ ಚಾಕುವಿನಿಂದ ಗೀರಿ ರಕ್ತ ಬಿಡಬೇಕು ಎನ್ನುತ್ತಾರೆ.

ಮಾವ: ಎಂದಿಗೂ ಮಾಡಬಾರದು. ನಮ್ಮ ಕಡೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಇವೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಗೀರಿದ ಗಾಯದಿಂದ ರಕ್ತ ನಿಲ್ಲದೆ ಹರಿಯುತ್ತದೆ. ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಉಂಗುರ, ಬಳೆ, ಗಡಿಯಾರ ತೆಗೆದು, ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಕೋಲಿನ ಆಸರೆ ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ತಂದು 108ಕ್ಕೆ ಕರೆ ಮಾಡಬೇಕು. ಪ್ರತಿವಿಷದ ಚುಚ್ಚುಮದ್ದೇ ಔಷಧ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇಲ್ಲಿ ಚಾಕುವಿಗೆ ಇರುವ ಕೆಲಸ ಒಂದೇ: ಕೋಲು ಸವರಿ ಬಟ್ಟೆ ಸೀಳುವುದು.

ಅಳಿಯ: ಚಾಕು ಬಳಸುವಾಗ ಪಾಲಿಸಬೇಕಾದ ಕ್ರಮ?

ಮಾವ: ಅಲಗು ಮೈಯಿಂದ ಆಚೆಗೆ ಸರಿಯಬೇಕು. ಕೂತು ಕೆಲಸ ಮಾಡುವಾಗ ತೊಡೆಗಳ ನಡುವೆ ಕೊಯ್ಯಬಾರದು. ಮೊಣಕಾಲಿನ ಆಚೆ ಬದಿಗೆ ತಿರುಗಿ ಕೊಯ್ಯಬೇಕು. ಸುತ್ತ ಕೈ ಚಾಚಿದಷ್ಟು ದೂರದಲ್ಲಿ ಯಾರೂ ಇರಬಾರದು. ಇನ್ನೊಬ್ಬರಿಗೆ ಕೊಡುವಾಗ ಒರೆಯಲ್ಲಿಟ್ಟೇ ಕೊಡಬೇಕು. ಕೆಲಸ ನಿಂತ ಕೂಡಲೆ ಒರೆಗೆ ಸೇರಿಸಬೇಕು, ನೆಲದ ಮೇಲೆ ಇಡಬಾರದು. ಜಾಲಿ, ಕಗ್ಗಲಿಯಂಥ ಗಡಸು ಮರವನ್ನು ಚಾಕುವಿನಿಂದ ಸೀಳಲು ಹೋಗಬಾರದು. ಉದ್ದಕ್ಕೆ ಸುಲಭವಾಗಿ ಸೀಳುವ ಒಣ ಬಿದಿರನ್ನು ಆರಿಸಿ, ಅಲಗನ್ನು ತುದಿಗೆ ಅಡ್ಡ ಇಟ್ಟು ಬೆನ್ನಿನ ಮೇಲೆ ಕೋಲಿನಿಂದ ತಟ್ಟಬೇಕು. ಸೀಳಿದ ಬಿದಿರಿನ ಅಂಚೂ ಕೈ ಕೊಯ್ಯುತ್ತದೆ, ಅದನ್ನು ಸವರಿ ಮೊಂಡು ಮಾಡಬೇಕು.

ಅಳಿಯ: ಇಷ್ಟೆಲ್ಲ ಸರಿಯಾದ ಚಾಕು ಇದ್ದರೆ ಕಾಡಿನಲ್ಲಿ ಧೈರ್ಯವಾಗಿ ಇರಬಹುದು.

ಮಾವ: ಚಾಕುವೊಂದನ್ನೇ ನಂಬಿ ಹೋಗಬಾರದಪ್ಪ. ದೇವರಾಯನದುರ್ಗ ಜಯಮಂಗಲಿ ನದಿ ಹುಟ್ಟುವ ಬೆಟ್ಟವೇ ಆದರೂ ಬೇಸಿಗೆಯಲ್ಲಿ ಅಲ್ಲಿನ ಹಳ್ಳಗಳು ಒಣಗಿರುತ್ತವೆ. ಒಬ್ಬರಿಗೆ ಕನಿಷ್ಠ ಮೂರು ಲೀಟರ್ ನೀರು ಬೇಕು. ಟಾರ್ಚು, ಪೀಪಿ, ಹಗ್ಗ, ಪ್ಲಾಸ್ಟಿಕ್ ಹಾಳೆ, ಗಾಯಕ್ಕೆ ಪಟ್ಟಿ, ಚಾರ್ಜ್ ಇರುವ ಫೋನು ಇವು ಚಾಕುವಿಗಿಂತ ಮೊದಲು ಚೀಲ ಸೇರಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೊರಡಬೇಕು. ದಾರಿ ತಪ್ಪಿದೆ ಎನಿಸಿದರೆ ಅಲ್ಲೇ ನಿಂತು, ಬಯಲಾದ ಬಂಡೆಯ ಮೇಲೆ ಬಣ್ಣದ ಬಟ್ಟೆ ಹರಡಿ, ಪೀಪಿಯನ್ನು ಮೂರು ಮೂರು ಬಾರಿ ಊದಬೇಕು. ಹುಡುಕಿ ಬರುವವರಿಗೆ ನಿಂತವನು ಸಿಗುತ್ತಾನೆ, ಅಲೆಯುವವನು ಸಿಗುವುದು ಕಷ್ಟ.

ಅಳಿಯ: ಕೊಳ್ಳಲು ಅಂಗಡಿಗೋ ಕುಲುಮೆಗೋ ಹೋದಾಗ ನೋಡಬೇಕಾದ್ದನ್ನು ಒಟ್ಟಿಗೆ ಹೇಳಿಬಿಡಿ, ಮಾವ.

ಮಾವ: ಮಡಚದ ಚಾಕು, ಅಲಗು ಅರ್ಧ ಗೇಣು ಉದ್ದ, ಮೂರು ಮಿಲಿಮೀಟರ್ ದಪ್ಪ, ಹಿಡಿಯ ಕೊನೆಯವರೆಗೂ ಹಾಯ್ದ ಉಕ್ಕು, ಒಂದೇ ಕಡೆ ಬಾಯಿ, ನೆಟ್ಟಗಿನ ಬೆನ್ನು. ಒಣ ಸೀಮೆಗೆ ಕುಲುಮೆಯ ಉಕ್ಕು, ಮಳೆ ಸೀಮೆಗೆ ಸ್ಟೇನ್‌ಲೆಸ್. ಒದ್ದೆ ಕೈಯಲ್ಲಿ ಜಾರದ ಹಿಡಿ, ತಲೆಕೆಳಗಾದರೂ ಬಿಡದ ಒರೆ. ಕಣ್ಣಿನ ಮಟ್ಟಕ್ಕೆ ಹಿಡಿದು ಬಾಯಿಯನ್ನು ಉದ್ದಕ್ಕೆ ನೋಡಿದಾಗ ಗೆರೆ ನೆಟ್ಟಗಿರಬೇಕು, ಎಲ್ಲೂ ಬೆಳಕಿಗೆ ಹೊಳೆಯಬಾರದು. ಹೊಳೆದ ಕಡೆ ಬಾಯಿ ಮೊಂಡು. ಕೊಂಡ ಮೇಲೆ ಮನೆಯಲ್ಲಿ, ತೋಟದಲ್ಲಿ ಬಳಸಿ, ಮಸೆದು, ಕೈಗೆ ಪಳಗಿಸಿಕೊಳ್ಳಬೇಕು. ಕಾಡಿಗೆ ಒಯ್ಯುವುದು ಅದಾದ ಮೇಲೆ.